ಹೋಗುವಾಗ ಹನ್ನೊಂದೂವರೆ ಗಂಟೆ, ಬರುವಾಗ ಆರೇ ಗಂಟೆ! ಬೆಂಗಳೂರು–ಟೋಕಿಯೋ ವಿಮಾನದ ಲೆಕ್ಕ

ಪ್ರಶ್ನೆ: ನಾವು ಚಿಂತಾಮಣಿ ಹತ್ತಿರದ ಹಳ್ಳಿಯವರು. ರೇಷ್ಮೆ ಬೆಳೆಯುತ್ತೇವೆ. ಮಗಳು, ಅಳಿಯ ಟೋಕಿಯೋದಲ್ಲಿದ್ದಾರೆ. ಜನವರಿಯಲ್ಲಿ ನನ್ನನ್ನೂ ನಮ್ಮ ಮನೆಯವರನ್ನೂ ಕರೆಸಿಕೊಳ್ಳುತ್ತಿದ್ದಾರೆ. ನಮಗೆ ಇದೇ ಮೊದಲ ವಿಮಾನ. ಮಗಳು ಕಳಿಸಿದ ವಿವರದಲ್ಲಿ ಬೆಂಗಳೂರು ಬಿಡುವುದು ರಾತ್ರಿ 2:10, ಟೋಕಿಯೋ ಸೇರುವುದು ಮಧ್ಯಾಹ್ನ 1:40 ಅಂತಿದೆ. ಬರುವಾಗ ಅಲ್ಲಿ ಬಿಡುವುದು ಸಂಜೆ 6:20, ಇಲ್ಲಿ ಇಳಿಯುವುದು ರಾತ್ರಿ 12:20. ಹೋಗಲು ಹನ್ನೊಂದೂವರೆ ಗಂಟೆ, ಬರಲು ಆರೇ ಗಂಟೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಹೇಗೆ? ಭೂಮಿ ತಿರುಗುವುದರಿಂದ ಹಾಗೆ ಅಂತ ಮೊಮ್ಮಗ ಹೇಳುತ್ತಾನೆ. ಗೋಡೆಯ ಮ್ಯಾಪಿನ ಮೇಲೆ ದಾರ ಇಟ್ಟು ದೂರ ಅಳೆದೆವು, ಅದು ಸರಿಯಾ? ಬ್ಯಾಂಕಾಕ್ ಮೇಲೆ ಹೋದರೆ ದುಡ್ಡು ಕಡಿಮೆ ಅಂತಾರೆ, ಸುತ್ತು ಜಾಸ್ತಿ ಆಗುತ್ತಾ? ಮನೆಯಿಂದ ಮನೆಗೆ ಒಟ್ಟು ಎಷ್ಟು ಹೊತ್ತು?

ಉತ್ತರ:

ನಮಸ್ಕಾರ ಯಜಮಾನರೇ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ವಿಮಾನ ಹೊರಡುವ ಮುಂಚೆ ಅದರ ದಾರಿ, ಮೇಲೆ ಬೀಸುವ ಗಾಳಿ, ತುಂಬಬೇಕಾದ ಇಂಧನ, ಇದನ್ನೆಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ ಕೆಲಸ ನನ್ನದಾಗಿತ್ತು. ಫ್ಲೈಟ್ ಡಿಸ್ಪ್ಯಾಚ್ ಅಂತಾರೆ. ಬಹಳ ವರ್ಷ ಅದನ್ನೇ ಮಾಡಿ ಈಗ ಚಿಕ್ಕಬಳ್ಳಾಪುರದಲ್ಲಿ ಇದ್ದೇನೆ. ಟಿಕೆಟ್ ಹಿಡಿದುಕೊಂಡು ಬಂದು ಏನೇನೋ ಕೇಳಿದವರು ಬಹಳ ಮಂದಿ. ಆದರೆ ಹೋಗುವ ಹೊತ್ತು, ಬರುವ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಕೇಳಿದವರು ಕಡಿಮೆ.

ಮೊದಲೇ ಉತ್ತರ ಹೇಳಿಬಿಡುತ್ತೇನೆ. ನೀವು ಕಳೆದು ನೋಡಿದ ಲೆಕ್ಕ ಸರಿಯಾಗೇ ಇದೆ. ಆದರೆ ನಿಜ ಅದರ ಉಲ್ಟಾ. ಹೋಗುವಾಗಲೇ ಬೇಗ ಸೇರುತ್ತೀರಿ, 8 ಗಂಟೆಯಲ್ಲಿ. ತಡ ಆಗುವುದು ಬರುವಾಗ. ಅದಕ್ಕೆ ಒಂಬತ್ತೂವರೆ ಗಂಟೆ ಬೇಕು.

ಟಿಕೆಟ್ ಮೇಲೆ ಬರೆಯುವ ಹೊತ್ತು ಯಾವಾಗಲೂ ಆಯಾ ಊರಿನ ಗಡಿಯಾರದ ಹೊತ್ತು. ಬೆಂಗಳೂರು ಬಿಡುವ ಹೊತ್ತು ನಮ್ಮದು, ಟೋಕಿಯೋ ಸೇರುವ ಹೊತ್ತು ಅಲ್ಲಿಯವರದು. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಇದು ನಿಮಗೆ ಗೊತ್ತೇ ಇರುತ್ತದೆ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಮಗಳಿಗೆ ಫೋನ್ ಮಾಡಿದರೆ ಆ ಕಡೆ ನಿದ್ದೆಗಣ್ಣಿನ ದನಿ ಬರುತ್ತದೆ ಅಲ್ವಾ? ಅಲ್ಲಿ ಆಗ ಹನ್ನೊಂದೂವರೆ. ಈಗ ಹನ್ನೊಂದೂವರೆ ಗಂಟೆಯಲ್ಲಿ ಮೂರೂವರೆ ಕಳೆಯಿರಿ. ಎಂಟು ಉಳಿಯಿತು. ಬರುವಾಗಿನ ಆರಕ್ಕೆ ಮೂರೂವರೆ ಕೂಡಿಸಿ. ಒಂಬತ್ತೂವರೆ ಆಯಿತು.

ಈ ಮೂರೂವರೆ ಎಲ್ಲಿಂದ ಬಂತು ಅಂತ ಮೊಮ್ಮಗನಿಗೆ ಹೇಳಿ, ಸ್ಕೂಲಿನಲ್ಲಿ ಉಪಯೋಗಕ್ಕೆ ಬರುತ್ತದೆ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾರತದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಜಪಾನಿನದು 135 ಡಿಗ್ರಿಯದು. ಆ ಗೆರೆ ಕೋಬೆ ಪಕ್ಕದ ಆಕಾಶಿ ಅನ್ನುವ ಊರಿನ ಮೇಲೆ ಹೋಗುತ್ತದೆ. 135ರಲ್ಲಿ 82.5 ಕಳೆದರೆ 52.5. ಅದನ್ನು 15ರಿಂದ ಭಾಗಿಸಿದರೆ ಕರಾರುವಾಕ್ಕಾಗಿ ಮೂರೂವರೆ.

ಹಾಗಾದರೆ ಗಡಿಯಾರದ ಗೊಂದಲ ಮುಗಿಯಿತು. ಆದರೆ ಅದರೊಳಗಿಂದ ಇನ್ನೊಂದು ಪ್ರಶ್ನೆ ಎದ್ದಿತು ನೋಡಿ. ಹೋಗಲು ಎಂಟು, ಬರಲು ಒಂಬತ್ತೂವರೆ. ಇದು ಗಡಿಯಾರದ ಆಟ ಅಲ್ಲ. ನಿಜವಾಗಿಯೂ ಒಂದೂವರೆ ಗಂಟೆ ಜಾಸ್ತಿ ಹಾರಬೇಕು. ಅದಕ್ಕೆ ಬರುವ ಮುಂಚೆ ದೂರದ ಮಾತು ಮುಗಿಸಿಬಿಡೋಣ.

ಗೋಡೆಯ ಮ್ಯಾಪಿನ ಮೇಲೆ ದಾರ ಇಟ್ಟು ಅಳೆದೆವು ಅಂದಿರಿ. ಉಪಾಯ ಒಳ್ಳೆಯದು, ಆದರೆ ಮ್ಯಾಪು ಮೋಸ ಮಾಡುತ್ತದೆ. ಕಿತ್ತಳೆ ಸಿಪ್ಪೆಯನ್ನು ಹಲಗೆ ಮೇಲೆ ಚಪ್ಪಟೆಯಾಗಿ ಒತ್ತಿದರೆ ಏನಾಗುತ್ತದೆ? ಎಲ್ಲೋ ಹರಿಯುತ್ತದೆ, ಎಲ್ಲೋ ಹಿಗ್ಗುತ್ತದೆ. ಗುಂಡಗಿರುವ ಭೂಮಿಯನ್ನು ಚಪ್ಪಟೆ ಮಾಡಿದಾಗಲೂ ಅಷ್ಟೇ. ಉತ್ತರಕ್ಕೆ ಹೋದಷ್ಟೂ ದೇಶಗಳು ಹಿಗ್ಗಿಕೊಂಡು ಕಾಣುತ್ತವೆ.

ಅದರ ಬದಲು ಹೀಗೆ ಮಾಡಿ. ಮೊಮ್ಮಗನ ಸ್ಕೂಲಿನಲ್ಲಿ ಗ್ಲೋಬ್ ಇರುತ್ತದೆ. ನಿಮ್ಮ ಮನೆಯಲ್ಲಿ ದಾರಕ್ಕೇನು ಬರ? ಒಂದು ದಾರ ತೆಗೆದುಕೊಂಡು ಗ್ಲೋಬಿನ ಹೊಟ್ಟೆಗೆ, ಭೂಮಧ್ಯರೇಖೆಯ ಮೇಲೆ, ಸರಿಯಾಗಿ ಒಂದು ಸುತ್ತು ಸುತ್ತಿ ಕತ್ತರಿಸಿ. ಆ ದಾರವನ್ನು ಆರು ಪಾಲಾಗಿ ಮಡಚಿ. ಒಂದು ಪಾಲಿನ ಒಂದು ತುದಿ ಬೆಂಗಳೂರಿನ ಮೇಲೆ ಇಟ್ಟು ಟೋಕಿಯೋ ಕಡೆಗೆ ಎಳೆಯಿರಿ. ಇನ್ನೊಂದು ತುದಿ ಟೋಕಿಯೋ ಮೇಲೆ ಬಂದು ಕೂರುತ್ತದೆ. ನಾನು ಮೊದಲ ಸಲ ಇದನ್ನು ಮಾಡಿ ನೋಡಿದಾಗ ದಾರ ಬಿಟ್ಟು ಮತ್ತೆ ಇಟ್ಟು ನೋಡಿದ್ದೆ. ಬೆಂಗಳೂರಿಂದ ಟೋಕಿಯೋಗೆ ಭೂಮಿಯ ಸುತ್ತಳತೆಯ ಆರನೇ ಒಂದು ಭಾಗ ದೂರ. ಸುತ್ತಳತೆ ಸುಮಾರು 40,000 ಕಿ.ಮೀ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಟೋಕಿಯೋದ ನರೀಟಾ ನಿಲ್ದಾಣಕ್ಕೆ ಲೆಕ್ಕ ಹಾಕಿದರೆ ಸುಮಾರು 6,700 ಕಿ.ಮೀ.

ನಿಮ್ಮ ಲೆಕ್ಕದಲ್ಲೇ ಹೇಳಬೇಕೆಂದರೆ, ಒಳ್ಳೆಯ ಬೈವೋಲ್ಟೀನ್ ತಳಿಯ ರೇಷ್ಮೆ ಗೂಡಿನಿಂದ ಸುಮಾರು ಒಂದು ಕಿ.ಮೀ. ಎಳೆ ಬಿಚ್ಚುತ್ತದೆ ಅಲ್ವಾ? ಇಲ್ಲಿಂದ ಟೋಕಿಯೋವರೆಗೆ ಒಂದೆಳೆ ಹಾಯಿಸಲು 6,700 ಗೂಡು ಸಾಕು. ಅಂದರೆ ಹತ್ತು ಹನ್ನೆರಡು ಕೆ.ಜಿ. ಶಿಡ್ಲಘಟ್ಟದ ಮಾರುಕಟ್ಟೆಗೆ ನೀವು ಒಂದು ಸಲ ಒಯ್ಯುವ ಗೂಡಿನ ಎಳೆ ಅಲ್ಲಿಗೆ ಹೋಗಿ ವಾಪಸ್ ಬರಬಹುದು.

ಗ್ಲೋಬಿನ ಮೇಲಿನ ದಾರ ಎಲ್ಲೆಲ್ಲಿ ಹಾಯುತ್ತದೆ ನೋಡಿ. ಆಂಧ್ರದ ಕರಾವಳಿ ದಾಟಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಹತ್ತಿರ ಮತ್ತೆ ನೆಲ ಸಿಗುತ್ತದೆ. ಆಮೇಲೆ ಮ್ಯಾನ್ಮಾರಿನ ಉತ್ತರ ಭಾಗ, ಚೀನಾದ ಯುನ್ನಾನ್, ವುಹಾನ್ ಪಕ್ಕ, ಶಾಂಘೈನ ಉತ್ತರಕ್ಕೆ ಸಮುದ್ರ, ಕೊರಿಯಾದ ದಕ್ಷಿಣದ ಅಂಚು, ಕ್ಯೋಟೋ, ಟೋಕಿಯೋ. ಹೊರಡುವಾಗ ಈಶಾನ್ಯಕ್ಕೆ ಮುಖ ಮಾಡಿದ ದಾರಿ, ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ತಿರುಗಿರುತ್ತದೆ. ಪೈಲಟ್ ಸ್ಟಿಯರಿಂಗ್ ತಿರುಗಿಸಿದ್ದಕ್ಕಲ್ಲ. ಗುಂಡಗಿರುವ ನೆಲದ ಮೇಲೆ ನೇರ ದಾರಿ ಅಂದರೆ ಹಾಗೇ.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಈ ದಾರಿಯಲ್ಲಿ ಮ್ಯಾಪಿನ ಗೆರೆಗೂ ಗ್ಲೋಬಿನ ಗೆರೆಗೂ ದೂರದಲ್ಲಿ ಬಹಳ ಫರಕು ಬರುವುದಿಲ್ಲ, ಹತ್ತಿರ ಹತ್ತಿರ 65 ಕಿ.ಮೀ. ಅಷ್ಟೇ. ಉತ್ತರದ ಉದ್ದ ದಾರಿಗಳಲ್ಲಿ ಮಾತ್ರ ಅದು ಸಾವಿರಾರು ಕಿ.ಮೀ. ಆಗುತ್ತದೆ. 2021ರ ಜನವರಿಯಲ್ಲಿ ಹೆಣ್ಣುಮಕ್ಕಳೇ ಪೈಲಟ್‌ಗಳಾಗಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದು ನಮ್ಮ ದೇವನಹಳ್ಳಿಯಲ್ಲೇ ಇಳಿಸಿದರಲ್ಲ, ಅದು ಈ ಕಾರಣಕ್ಕೇ. ಮ್ಯಾಪಿನಲ್ಲಿ ಅಡ್ಡಾದಿಡ್ಡಿಯಾಗಿ ಕಾಣುವ ಆ ದಾರಿ ಗ್ಲೋಬಿನಲ್ಲಿ ನೆಟ್ಟಗೆ.

ಇನ್ನು, ವಿಮಾನ 6,700 ಕಿ.ಮೀ. ಮಾತ್ರವೇ ಹಾರುವುದೂ ಇಲ್ಲ. ಆಕಾಶದಲ್ಲೂ ರಸ್ತೆಗಳಿವೆ. ಕಣ್ಣಿಗೆ ಕಾಣದ ಗುರುತುಗಳಿಂದ ಗುರುತಿಗೆ ಹೋಗಬೇಕು. ಆ ಒಂದೊಂದು ಗುರುತಿಗೂ ಐದಕ್ಷರದ ಹೆಸರಿರುತ್ತದೆ. ಯಾವ ದೇಶದ ಮೇಲೆ ಯಾವ ಎತ್ತರದಲ್ಲಿ ಹಾಯಬೇಕು ಅನ್ನುವುದಕ್ಕೆ ಅನುಮತಿ ಬೇಕು. ಮೋಡ ಗುಡುಗಿದ್ದರೆ ಸುತ್ತಬೇಕು. ಹಾಗಾಗಿ ನಾನು ಮುಂದಿನ ಲೆಕ್ಕಕ್ಕೆ 7,000 ಕಿ.ಮೀ. ಅಂತ ಇಟ್ಟುಕೊಳ್ಳುತ್ತೇನೆ.

ಈಗ ಮೊಮ್ಮಗನ ಮಾತಿಗೆ ಬರೋಣ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ನಮ್ಮ ಚಿಂತಾಮಣಿ, ಚಿಕ್ಕಬಳ್ಳಾಪುರದ ನೆಲ ಗಂಟೆಗೆ 1,600 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಹಾಗಿದ್ದರೆ ಪೂರ್ವದ ಟೋಕಿಯೋ ನಮ್ಮಿಂದ ದೂರ ಓಡಬೇಕು, ಬರುವಾಗ ಬೆಂಗಳೂರು ತಾನಾಗೇ ಎದುರಿಗೆ ಬರಬೇಕು ಅಂತ ಅವನ ಯೋಚನೆ ಇರಬೇಕು. ಟಿಕೆಟ್ ನೋಡಿದರೆ ಹಾಗೇ ಅನ್ನಿಸುತ್ತದೆ ಕೂಡ. ಆದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಮುಂದಿನ ಸಲ ಬೆಂಗಳೂರು ಬಸ್ಸಿನಲ್ಲಿ ಕೂತಾಗ ಅವನಿಗೆ ಒಂದು ರೂಪಾಯಿ ನಾಣ್ಯ ಕೊಟ್ಟು ಮೇಲಕ್ಕೆ ಚಿಮ್ಮಲು ಹೇಳಿ. ಬಸ್ಸು ಅರವತ್ತರಲ್ಲಿ ಓಡುತ್ತಿದ್ದರೂ ನಾಣ್ಯ ಹಿಂದಿನ ಸೀಟಿಗೆ ಹಾರುವುದಿಲ್ಲ. ಅವನ ಕೈಗೇ ಬೀಳುತ್ತದೆ. ಬಸ್ಸು, ಬಸ್ಸಿನೊಳಗಿನ ಗಾಳಿ, ನಾಣ್ಯ, ಮೂರೂ ಒಟ್ಟಿಗೆ ಓಡುತ್ತಿವೆ.

ಆದರೂ ಅವನು ಪೂರ್ತಿ ತಪ್ಪಲ್ಲ, ಬೈಯಬೇಡಿ. ಹೋಗುವ, ಬರುವ ಹೊತ್ತಿನ ವ್ಯತ್ಯಾಸಕ್ಕೆ ಕಾರಣ ಗಾಳಿ. ಆ ಗಾಳಿ ಹಾಗೆ ಪೂರ್ವಕ್ಕೆ ಬೀಸುವುದರ ಹಿಂದೆ ಭೂಮಿ ತಿರುಗುವುದೇ ಇದೆ. ಭೂಮಧ್ಯರೇಖೆಯ ಕಡೆ ಬಿಸಿಯಾದ ಗಾಳಿ ಮೇಲೇರಿ ಉತ್ತರಕ್ಕೆ ಹರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೆಟ್ಟಗೆ ಉತ್ತರಕ್ಕೆ ಹೋಗಲಾರದೆ ಪೂರ್ವಕ್ಕೆ ವಾಲುತ್ತದೆ. ವಾಲುತ್ತಾ ವೇಗ ಕೂಡಿಕೊಳ್ಳುತ್ತದೆ. ನೆಲದಿಂದ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನ ಹಾರುವ ಎತ್ತರದಲ್ಲೇ, ಹೊಳೆ ಹರಿದ ಹಾಗೆ ಹರಿಯುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಅಂತಾರೆ.

ಚಳಿಗಾಲದಲ್ಲಿ ಈ ಹೊಳೆ ಉತ್ತರ ಭಾರತ, ದಕ್ಷಿಣ ಚೀನಾ, ಜಪಾನ್ ಮೇಲೆ ಹಾಯುತ್ತದೆ. ಜಪಾನ್ ಹತ್ತಿರ ಬಂದಾಗ ಜಗತ್ತಿನಲ್ಲೇ ಅತಿ ಜೋರಾದ ಮೇಲ್ಗಾಳಿಗಳಲ್ಲಿ ಒಂದಾಗುತ್ತದೆ. ನಮ್ಮ ಕಚೇರಿಗೆ ಬರುತ್ತಿದ್ದ ಗಾಳಿ ಚಾರ್ಟ್ ಈಗಲೂ ಕಣ್ಣ ಮುಂದಿದೆ. ಅದರಲ್ಲಿ ಗಾಳಿಯನ್ನು ಬಾಣದ ಗುರುತಿನಿಂದ ತೋರಿಸುತ್ತಾರೆ. ಬಾಣದ ಬಾಲಕ್ಕೆ ಗರಿಗಳಿರುತ್ತವೆ. ಚಿಕ್ಕ ಗರಿ ಅಂದರೆ ಮೆಲ್ಲಗಿನ ಗಾಳಿ. ಗರಿಯ ಬದಲು ತುಂಬಿದ ತ್ರಿಕೋನ ಬಾವುಟ ಬಂದರೆ ಒಂದೊಂದು ಬಾವುಟಕ್ಕೆ 50 ನಾಟ್, ಅಂದರೆ ಗಂಟೆಗೆ ಸುಮಾರು 93 ಕಿ.ಮೀ. ದಕ್ಷಿಣ ಭಾರತದ ಮೇಲೆ ಬಾಣಗಳಿಗೆ ಒಂದೆರಡು ಗರಿ ಇರುತ್ತಿದ್ದವು, ಅಷ್ಟೇ. ಬೆರಳು ಯುನ್ನಾನ್ ದಾಟಿ ಪೂರ್ವಕ್ಕೆ ಸರಿದ ಹಾಗೆ ಒಂದು ಬಾವುಟ, ಎರಡು ಬಾವುಟ. ಜನವರಿಯ ಕೆಲವು ರಾತ್ರಿ ಜಪಾನಿನ ದಕ್ಷಿಣಕ್ಕೆ ಸಾಲಾಗಿ ಮೂರು ಬಾವುಟ. ಗಂಟೆಗೆ ಸುಮಾರು 280 ಕಿ.ಮೀ. ಗಾಳಿ! ಅಂಥ ದಿನ ಹೋಗುವ ವಿಮಾನದ ಪೈಲಟ್ ಮುಖದಲ್ಲಿ ನಗು, ಬರುವ ವಿಮಾನಕ್ಕೆ ನಾವು ಇಂಧನ ಜಾಸ್ತಿ ಬರೆಯುತ್ತಿದ್ದೆವು.

ಈ ಗಾಳಿಯನ್ನು ಕಂಡುಹಿಡಿದ ಕತೆಯೂ ನೀವು ಹೋಗುತ್ತಿರುವ ಜಾಗದ ಹತ್ತಿರದ್ದೇ. ವಾಸಾಬುರೊ ಓಯಿಶಿ ಅನ್ನುವ ಜಪಾನಿನ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ಟೋಕಿಯೋದ ಈಶಾನ್ಯಕ್ಕಿರುವ ತಾತೆನೊದಲ್ಲಿ ಬಲೂನು ಬಿಟ್ಟು, ಅದು ಮೇಲೇರುತ್ತಾ ಎತ್ತ ಓಡುತ್ತದೆ ಅಂತ ದುರ್ಬೀನಿನಲ್ಲಿ ಹಿಂಬಾಲಿಸಿ ಗಾಳಿಯ ವೇಗ ಅಳೆದರು. ಚಳಿಗಾಲದಲ್ಲಿ ಮೇಲೆ ಭಾರಿ ಗಾಳಿ ಇದೆ ಅಂತ ಕಂಡುಕೊಂಡರು. ಹೊರದೇಶದವರೂ ಓದಲಿ ಅಂತ 1926ರಲ್ಲಿ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಅಂತ ಮಾಡಿದ ಭಾಷೆ ಅದು. ಆದರೆ ಅದನ್ನು ಓದಬಲ್ಲವರೇ ಕಡಿಮೆ ಇದ್ದರು. 1944ರ ಕೊನೆಗೆ ಅಮೆರಿಕದ ಬಾಂಬರ್ ವಿಮಾನಗಳು ಟೋಕಿಯೋ ಮೇಲೆ ಎತ್ತರದಲ್ಲಿ ಹಾರಿದಾಗ ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಹದಿನೆಂಟು ವರ್ಷ ಮುಂಚೆಯೇ ಒಬ್ಬರು ಬರೆದಿಟ್ಟಿದ್ದನ್ನು ಹೊರದೇಶದಲ್ಲಿ ಹೆಚ್ಚು ಜನ ನೋಡಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಎಷ್ಟು ಚಳಿಯಲ್ಲಿ ನಿಂತು ಬಲೂನು ನೋಡಿದ್ದರೋ.

ಈಗ ನಿಮ್ಮ ಎರಡು ಪ್ರಯಾಣದ ಲೆಕ್ಕ ಹಾಕೋಣ. ದೊಡ್ಡ ವಿಮಾನ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ದಾರಿಯುದ್ದಕ್ಕೂ ಸರಾಸರಿ 90 ಕಿ.ಮೀ. ಗಾಳಿ ಇದೆ ಅಂತ ಇಟ್ಟುಕೊಳ್ಳಿ. ಹೋಗುವಾಗ ಗಾಳಿ ಬೆನ್ನ ಹಿಂದೆ. ನೆಲದ ಲೆಕ್ಕದಲ್ಲಿ ವೇಗ 990. ಏಳು ಸಾವಿರ ಕಿ.ಮೀ.ಗೆ 7 ಗಂಟೆ, ಮೇಲೆ ಐದು ನಿಮಿಷ. ಬರುವಾಗ ಅದೇ ಗಾಳಿ ಎದುರು. ವೇಗ 810ಕ್ಕೆ ಇಳಿಯಿತು. 8 ಗಂಟೆ 40 ನಿಮಿಷ. ಎರಡಕ್ಕೂ ಮೇಲೇರುವುದು, ಇಳಿಯುವುದು, ನೆಲದ ಮೇಲೆ ಓಡಾಡುವುದು ಸೇರಿ ಐವತ್ತು ನಿಮಿಷ ಕೂಡಿಸಿ. ಒಂದು ಎಂಟರ ಹತ್ತಿರ, ಇನ್ನೊಂದು ಒಂಬತ್ತೂವರೆ. ಮಗಳು ಕಳಿಸಿದ ಲೆಕ್ಕವೇ ಬಂತು ನೋಡಿ.

ಇದರಲ್ಲೊಂದು ಸೂಕ್ಷ್ಮ ಇದೆ. ಹೋಗುವಾಗ ಸಹಾಯ, ಬರುವಾಗ ತೊಂದರೆ, ಎರಡೂ ಸಮ ಆಗಿ ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ, ಆ ಐವತ್ತು ನಿಮಿಷ ಬಿಟ್ಟು, ಒಂದೊಂದು ಕಡೆಗೆ 7 ಗಂಟೆ 47 ನಿಮಿಷ ಸಾಕಿತ್ತು. ಹೋಗುವಾಗ ಗಾಳಿ ಸುಮಾರು 42 ನಿಮಿಷ ಉಳಿಸಿಕೊಟ್ಟಿತು, ಬರುವಾಗ ಸುಮಾರು 52 ನಿಮಿಷ ಕಿತ್ತುಕೊಂಡಿತು. ಆಷಾಢದ ಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತು. ಗಾಳಿ ಬೆನ್ನಿಗಿದ್ದಾಗ ಊರು ಬೇಗ ಬಂದುಬಿಡುತ್ತದೆ, ಆ ಸುಖ ಸ್ವಲ್ಪ ಹೊತ್ತು. ಎದುರಿಗಿದ್ದಾಗ ದಾರಿ ಸಾಗುವುದೇ ಇಲ್ಲ, ಹಾಗಾಗಿ ಆ ಕಷ್ಟದಲ್ಲಿ ಇರುವ ಹೊತ್ತೇ ಜಾಸ್ತಿ.

ನೀವು ಹೋಗುತ್ತಿರುವುದು ಜನವರಿ, ಗಾಳಿ ಜೋರಾಗಿರುವ ಕಾಲ. ಕೆಲವು ದಿನ ಹೊತ್ತಿಗಿಂತ ಮುಂಚೆಯೇ ಇಳಿದರೆ ಆಶ್ಚರ್ಯ ಬೇಡ, ಬರುವಾಗ ಸ್ವಲ್ಪ ತಡವಾದರೆ ಗಾಬರಿಯೂ ಬೇಡ. ಮಳೆಗಾಲದಲ್ಲಾದರೆ ಚಿತ್ರ ಬದಲಾಗುತ್ತದೆ. ಆಗ ಈ ಹೊಳೆ ಟಿಬೆಟ್‌ನ ಉತ್ತರಕ್ಕೆ ಸರಿಯುತ್ತದೆ. ನಮ್ಮ ದಕ್ಷಿಣ ಭಾರತದ ಮೇಲೆ ಇನ್ನೂ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬೇರೊಂದು ಜೆಟ್ ಎದ್ದುಕೊಳ್ಳುತ್ತದೆ. ಅದನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮ ದೇಶದವರೇ, ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಹೋಗುವ, ಬರುವ ಹೊತ್ತಿನ ಅಂತರ ಕಡಿಮೆ. ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ, ಬದಲಾಗುವಾಗ ಈ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ಟಿಕೆಟ್ಟಿನ ಎಂಟು ಗಂಟೆ ಪೂರ್ತಿ ಆಕಾಶದಲ್ಲಿ ಇರುವುದಲ್ಲ ಅನ್ನುವುದೂ ಗೊತ್ತಿರಲಿ. ನಿಲ್ಲಿಸಿದ ಲಾರಿ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ವಿಮಾನದ ಚಕ್ರಕ್ಕೂ ಹಾಗೇ ಅಡ್ಡ ಕೊಟ್ಟಿರುತ್ತಾರೆ. ಇಲ್ಲಿ ಆ ಅಡ್ಡ ತೆಗೆದಾಗಿಂದ ಅಲ್ಲಿ ಮತ್ತೆ ಅಡ್ಡ ಕೊಡುವವರೆಗಿನ ಹೊತ್ತು ಅದು. 2:10 ಅಂದರೆ ವಿಮಾನ ಹಾರುವ ಹೊತ್ತಲ್ಲ, ನಿಂತ ಜಾಗ ಬಿಡುವ ಹೊತ್ತು. ರನ್‌ವೇ ತುದಿಗೆ ಹೋಗಿ, ಸರದಿ ಕಾದು, ಮೇಲೇಳುವಾಗ ಎರಡೂವರೆ ಆಗಬಹುದು. ಕಿಟಕಿಯಲ್ಲಿ ನೋಡುತ್ತಾ "ಇನ್ನೂ ಹೊರಟಿಲ್ವಲ್ಲ" ಅಂತ ನಿಮ್ಮ ಮನೆಯವರು ಚಡಪಡಿಸಿದರೆ ಇದನ್ನು ಹೇಳಿ.

ಬ್ಯಾಂಕಾಕ್ ವಿಷಯ. ಇಲ್ಲೂ ಗ್ಲೋಬ್ ಒಳ್ಳೆಯ ಉತ್ತರ ಕೊಡುತ್ತದೆ. ಬೆಂಗಳೂರಿಂದ ಬ್ಯಾಂಕಾಕ್‌ಗೆ ಸುಮಾರು 2,490 ಕಿ.ಮೀ., ಅಲ್ಲಿಂದ ನರೀಟಾಗೆ 4,650. ಕೂಡಿದರೆ 7,140. ನೇರ ದಾರಿಗಿಂತ 440 ಕಿ.ಮೀ. ಮಾತ್ರ ಜಾಸ್ತಿ, ಅಂದರೆ ಹಾರಾಟದಲ್ಲಿ ಅರ್ಧ ಗಂಟೆ. ಹಾಂಗ್‌ಕಾಂಗ್ ಮೇಲೆ ಹೋದರೆ ಇನ್ನೂ ಕಡಿಮೆ, 220 ಕಿ.ಮೀ. ಸುತ್ತು. ಸಿಂಗಾಪುರ ಬಹಳ ಕೆಳಗಾಯಿತು, 1,800 ಕಿ.ಮೀ. ಜಾಸ್ತಿ. ನಮ್ಮದೇ ದೆಹಲಿ ಮೇಲೆ ಹೋದರೂ 900 ಕಿ.ಮೀ. ಸುತ್ತು ಆಗುತ್ತದೆ. ದೆಹಲಿ ನಮ್ಮ ದೇಶದ್ದೇ ಅಲ್ವಾ, ಹತ್ತಿರ ಆಗಬೇಕು ಅಂತ ಮನಸ್ಸು ಹೇಳುತ್ತದೆ. ಆದರೆ ಅದು ನೆಟ್ಟಗೆ ಉತ್ತರಕ್ಕೆ, ಟೋಕಿಯೋ ದಿಕ್ಕಿಗಲ್ಲ.

ಹಾಗಂತ ಬ್ಯಾಂಕಾಕ್ ಮೇಲೆ ಹೋಗಿ ಅಂತ ನಾನು ಹೇಳುವುದಿಲ್ಲ. ದೂರ ಅರ್ಧ ಗಂಟೆ ಆದರೂ ಅಲ್ಲಿ ಇಳಿದು, ಇನ್ನೊಂದು ವಿಮಾನಕ್ಕೆ ಕಾಯುವ ಹೊತ್ತು ಎರಡು ಗಂಟೆಯೂ ಆಗಬಹುದು, ಹತ್ತು ಗಂಟೆಯೂ ಆಗಬಹುದು. ದುಡ್ಡು ತುಂಬಾ ಉಳಿಯುತ್ತದೆ ಅಂತಿದ್ದರೆ ಮಗಳಿಗೆ ಒಂದೇ ಮಾತು ಕೇಳಿ: ಎರಡು ವಿಮಾನವೂ ಒಂದೇ ಟಿಕೆಟ್ಟಿನಲ್ಲಿವೆಯಾ, ಬೇರೆ ಬೇರೆ ಟಿಕೆಟ್ಟಾ? ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಲಗೇಜ್ ನೇರ ಟೋಕಿಯೋಗೆ ಹೋಗುತ್ತದೆ, ಮೊದಲನೇದು ತಡವಾದರೆ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಅವರದು. ಬೇರೆ ಬೇರೆ ಆದರೆ ಬ್ಯಾಂಕಾಕ್‌ನಲ್ಲಿ ನೀವೇ ಲಗೇಜ್ ಬಿಡಿಸಿಕೊಂಡು ಮತ್ತೆ ಕೌಂಟರಿಗೆ ಕೊಡಬೇಕಾಗಬಹುದು. ಮೊದಲ ವಿಮಾನ ತಡವಾಯಿತು ಅಂದರೆ ಎರಡನೇ ಟಿಕೆಟ್ ದುಡ್ಡು ಹೋದ ಹಾಗೇ. ಮೊದಲ ಸಲ ಹೋಗುವ ಇಬ್ಬರು ಹಿರಿಯರಿಗೆ ನೇರ ವಿಮಾನವೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ತಾರೀಖು. ರಾತ್ರಿ 2:10ರ ವಿಮಾನ ಭಾನುವಾರದ್ದು ಅಂತ ಟಿಕೆಟ್ಟಿನಲ್ಲಿ ಇದ್ದರೆ ನೀವು ಮನೆ ಬಿಡಬೇಕಾದ್ದು ಶನಿವಾರ ರಾತ್ರಿ. ನಮಗೆ ಬೆಳಕು ಹರಿದರೆ ದಿನ ಬದಲಾಗುತ್ತದೆ. ಟಿಕೆಟ್ಟಿಗೆ ರಾತ್ರಿ ಹನ್ನೆರಡಕ್ಕೇ ಬದಲಾಗುತ್ತದೆ. ನನ್ನ ಸ್ವಂತ ಚಿಕ್ಕಪ್ಪ ಸಿಂಗಾಪುರಕ್ಕೆ ಹೊರಟಾಗ ಈ ತಪ್ಪು ಆಯಿತು. ಹದಿನಾರನೇ ತಾರೀಖು ರಾತ್ರಿ ಒಂದೂವರೆ ವಿಮಾನ. ಅವರು ಹದಿನಾರರ ರಾತ್ರಿ ಊಟ ಮುಗಿಸಿ, ಎಲ್ಲರ ಕಾಲಿಗೆ ಬಿದ್ದು, ಆಶೀರ್ವಾದ ತೆಗೆದುಕೊಂಡು ಬಂದರು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ಬಾಗಿಲಲ್ಲಿ ಟಿಕೆಟ್ ನೋಡಿದ ಹುಡುಗ ಮೆಲ್ಲಗೆ ಹೇಳಿದ. ಚಿಕ್ಕಪ್ಪ ಸೂಟ್‌ಕೇಸಿನ ಮೇಲೆ ಕೂತು, ಚಿಕ್ಕಮ್ಮ ಕಟ್ಟಿಕೊಟ್ಟ ಒಬ್ಬಟ್ಟಿನ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು, ಬಹಳ ಹೊತ್ತು ಮಾತಾಡಲಿಲ್ಲ. ಆಕಾಶದ ಲೆಕ್ಕ ಮಾಡುವ ನಾನು ಮನೆಯವರಿಗೆ ಇಷ್ಟು ಸಣ್ಣ ವಿಷಯ ಹೇಳಿರಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಕೇಳಿದವರಿಗೂ ಕೇಳದವರಿಗೂ ಇದನ್ನು ಹೇಳುತ್ತೇನೆ. ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖಿಗೆ ಗುರುತು ಹಾಕಬೇಡಿ, ಮನೆ ಬಿಡುವ ರಾತ್ರಿಗೆ ಹಾಕಿ. ಬರುವಾಗಲೂ ಅಷ್ಟೇ. ರಾತ್ರಿ 12:20ಕ್ಕೆ ಇಳಿಯುತ್ತೀರಿ, ಅಂದರೆ ಮಾರನೇ ತಾರೀಖು. ಕಾರು ಕಳಿಸುವವರಿಗೆ ದಿನ ಬಿಡಿಸಿ ಹೇಳಿ.

ಮನೆಯಿಂದ ಮನೆಗೆ ಎಷ್ಟು ಹೊತ್ತು ಅಂತ ಕೇಳಿದಿರಿ. ವಿದೇಶಿ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿ ಇರಬೇಕು, ಸಾಮಾನ್ಯವಾಗಿ ಒಂದು ಗಂಟೆ ಮುಂಚೆಗೆ ಕೌಂಟರ್ ಮುಚ್ಚುತ್ತಾರೆ. ರಾತ್ರಿ ಹನ್ನೊಂದಕ್ಕೆ ಅಲ್ಲಿರಬೇಕು ಅಂದರೆ ನಿಮ್ಮ ಊರು ಒಂಬತ್ತೂಕಾಲಕ್ಕೆ ಬಿಡಿ. ವಿಜಯಪುರ, ದೇವನಹಳ್ಳಿ ಮೇಲೆ ಬನ್ನಿ. ಬೆಂಗಳೂರು ಊರೊಳಗೆ ಹೋಗಬೇಕಿಲ್ಲ ಅನ್ನುವುದು ನಮ್ಮ ಜಿಲ್ಲೆಯವರಿಗೆ ದೊಡ್ಡ ಅನುಕೂಲ. ಡ್ರೈವರ್‌ಗೆ ಎರಡನೇ ಟರ್ಮಿನಲ್ ಅಂತ ಹೇಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶಕ್ಕೆ ಹೋಗುವವರು ಅಲ್ಲಿಂದಲೇ ಹೊರಡುತ್ತಾರೆ.

ನರೀಟಾದಲ್ಲಿ ಇಳಿದಾಗ ಅಲ್ಲಿನ 1:40, ನಮ್ಮ ಬೆಳಿಗ್ಗೆ 10:10. ಪಾಸ್‌ಪೋರ್ಟ್ ತಪಾಸಣೆ, ಲಗೇಜ್ ಅಂತ ಒಂದು ಗಂಟೆ ಮೇಲಾಗುತ್ತದೆ. ನರೀಟಾ ಟೋಕಿಯೋ ಊರಿಂದ ಸುಮಾರು 60 ಕಿ.ಮೀ. ಆಚೆ ಇದೆ, ರೈಲಿನಲ್ಲಿ ಒಂದು ಗಂಟೆ. ಮಗಳ ಮನೆ ಬಾಗಿಲು ಮುಟ್ಟುವಾಗ ಅಲ್ಲಿ ಸಂಜೆ ನಾಲ್ಕೂವರೆ, ಊರಲ್ಲಿ ಮಧ್ಯಾಹ್ನ ಒಂದು. ಒಟ್ಟು ಹದಿನಾರು ಗಂಟೆ ಹತ್ತಿರ. ಅದರಲ್ಲಿ ನಿಜವಾಗಿ ಹಾರಿದ್ದು ಅರ್ಧಕ್ಕಿಂತ ಕಡಿಮೆ.

ಹೋಗುವಾಗ ನಿದ್ದೆ ಮಾಡಲು ರಾತ್ರಿ ಪೂರ್ತಿ ಸಿಗುವುದಿಲ್ಲ. ಪೂರ್ವಕ್ಕೆ, ಸೂರ್ಯನ ಎದುರಿಗೇ ಹೋಗುತ್ತಿರುತ್ತೀರಿ. ಹಾರಿ ಮೂರು ಗಂಟೆ ಆಗುವಷ್ಟರಲ್ಲಿ ಚೀನಾದ ಅಂಚಿನಲ್ಲಿ ಬೆಳಕಾಗುತ್ತದೆ. ಊರಲ್ಲಿ ಆಗ ಐದೂವರೆ, ಇನ್ನೂ ಕತ್ತಲೆ. ಹತ್ತಿದ ತಕ್ಷಣ ಮಲಗಿಬಿಡಿ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಾದರೆ, ಗಡಿಯಾರ ಮೂರೂವರೆ ಗಂಟೆ ಮುಂದೆ ಹೋಗುತ್ತದೆ ಅಂತ ಡಾಕ್ಟರಿಗೆ ಹೇಳಿ ಯಾವಾಗ ನುಂಗಬೇಕು ಅಂತ ಮುಂಚೆಯೇ ಬರೆಸಿಕೊಳ್ಳಿ. ಮೊದಲ ಎರಡು ಮೂರು ದಿನ ಬೆಳಿಗ್ಗೆ ಏಳುವುದು ಕಷ್ಟ. ಅಲ್ಲಿನ ಏಳು ಗಂಟೆ ನಿಮ್ಮ ಮೈಗೆ ಮೂರೂವರೆ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತು) ಎದ್ದು ಸೊಪ್ಪಿಗೆ ಬಂದಾಗ ರಾತ್ರಿಯೆಲ್ಲ ಎದ್ದು ಮೇಯಿಸಿದವರು ನೀವು, ಇದೇನೂ ದೊಡ್ಡದಾಗಲಾರದು.

ಕೊನೆಯದಾಗಿ ಮೊಮ್ಮಗನಿಗೆ ಒಂದು ವಿಷಯ. ಗ್ಲೋಬಿನ ಮೇಲೆ ಎಳೆದ ಆ ದಾರ, ದೇವನಹಳ್ಳಿಯಿಂದ ಟೋಕಿಯೋಗೆ ನೇರ ಗೆರೆ, ಎಲ್ಲಿ ಹಾಯುತ್ತದೆ ಅಂತ ನಾನು ನಿಮ್ಮ ಪ್ರಶ್ನೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ. ಹೊರಟು 43 ಕಿ.ಮೀ.ಗೆ ಅದು ಚಿಂತಾಮಣಿ ಪಟ್ಟಣದ ಪಕ್ಕದಲ್ಲೇ, ಎರಡು ಕಿ.ಮೀ. ಅಂತರದಲ್ಲಿ ಹೋಗುತ್ತದೆ. ವಿಮಾನ ಪ್ರತಿ ರಾತ್ರಿ ಅದೇ ಗೆರೆಯ ಮೇಲೆ ಬರುತ್ತದೆ ಅಂತಲ್ಲ. ಗಾಳಿ ನೋಡಿಕೊಂಡು ರನ್‌ವೇಯ ಪೂರ್ವಕ್ಕಾದರೂ ಏರಬಹುದು, ಪಶ್ಚಿಮಕ್ಕಾದರೂ ಏರಬಹುದು, ಆಮೇಲೆ ನಿಯಂತ್ರಣ ಕೊಠಡಿಯವರು ಹೇಳಿದ ಕಡೆ ತಿರುಗಬೇಕು. ಆದರೂ ನೀವು ಹೊರಡುವ ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ ಅಂತ ನನಗೆ ಗೊತ್ತು. ಎರಡೂವರೆ ಸುಮಾರಿಗೆ ಮಹಡಿ ಹತ್ತಿ ನೈರುತ್ಯಕ್ಕೆ, ದೇವನಹಳ್ಳಿ ಕಡೆಗೆ ನೋಡಲಿ. ಸ್ವೆಟರ್ ಹಾಕಿಕೊಳ್ಳಲಿ, ಜನವರಿಯ ಚಳಿ. ವಿಮಾನದ ಎಡ ರೆಕ್ಕೆಗೆ ಕೆಂಪು ದೀಪ, ಬಲ ರೆಕ್ಕೆಗೆ ಹಸಿರು ದೀಪ ಇರುತ್ತದೆ. ತನ್ನ ಕಡೆಗೇ ಬರುತ್ತಿದ್ದರೆ ಎರಡೂ ಕಾಣುತ್ತವೆ, ಹಸಿರು ಅವನ ಎಡಕ್ಕೆ, ಕೆಂಪು ಬಲಕ್ಕೆ. ನೀವು ಕಿಟಕಿಯ ಸೀಟು ಕೇಳಿ ತೆಗೆದುಕೊಳ್ಳಿ.